ಬದುಕಿರುವ ಬಾಕ್ಸರಿಗೆ ಗೋಡೆಯಲ್ಲಿ ಜಾಗವಿಲ್ಲ

ಗೆಳೆಯರೇ, ಇವತ್ತು ಬೆಳಿಗ್ಗೆ ಗುತ್ತಲಿನ ನಮ್ಮ ಬಾಕ್ಸಿಂಗ್ ಕ್ಲಬ್ಬಿನ ಗೋಡೆಗೆ ಐದು ಹೊಸ ಮೊಳೆ ಹೊಡೆದಿದ್ದರು. ಜಿಲ್ಲೆಯ ಐವರು ಶ್ರೇಷ್ಠ ಬಾಕ್ಸರುಗಳ ಫೋಟೊ ಹಾಕುವ ಗೌರವದ ಗೋಡೆ ಅದು. ಕನ್ನಡ ಎಂ.ಎ. ಮಾಡಿದವಳು ಅಂತ ಫೋಟೊಗಳ ಕೆಳಗಿನ ಬರಹ ನನ್ನ ಪಾಲಿಗೆ ಬಂದಿದೆ.

ಕ್ಲಬ್ಬಿನ ಸಭೆಯಲ್ಲಿ ನಾಲ್ಕು ಹೆಸರು ಬೇಗ ಒಪ್ಪಿಗೆಯಾದವು. ನಾಲ್ವರೂ ತೀರಿಕೊಂಡವರು. ಐದನೆಯದು ಮದ್ದೂರಿನ ಸಿದ್ದರಾಜಣ್ಣನದು. ಅವರಷ್ಟು ಪದಕ ಗೆದ್ದವರು ಇಲ್ಲಿ ಬೇರೆ ಯಾರೂ ಇಲ್ಲ. ಆದರೆ ಅವರು ಬದುಕಿದ್ದಾರೆ. ಗೆಜ್ಜಲಗೆರೆಯ ಹಾಲಿನ ಡೇರಿಯಲ್ಲಿ ಪಾಳಿ ಮುಗಿಸಿ, ಸ್ಟುಡಿಯೋದಲ್ಲಿ ತೆಗೆಸಿದ ಫೋಟೊವನ್ನು ಕವರಿನಲ್ಲಿಟ್ಟುಕೊಂಡು ಬಾಗಿಲ ಬಳಿ ಕೂತಿದ್ದರು.

"ಸತ್ತೋರ ಪಕ್ಕ ಬದ್ಕಿರೋನ್ನ ನೇತಾಕಿ ಆರ ಹಾಕುದ್ರೆ ಇವನ್ ಎಂಡ್ರು ನಮ್ಮುನ್ನ ಬುಟ್ಟಾರಾ?" ಎಂದರು ಅಧ್ಯಕ್ಷರು.

"ಹಾರ ಹಾಕದೆ ಇದ್ದರಾಯ್ತಲ್ಲ ಸರ್" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ.

"ಆರ ಇಲ್ದೆ ಅದೆಂತ ಗೌರವ ಕಣಮ್ಮ?"

ಒಂದು ಗಂಟೆ ಇದೇ ಚರ್ಚೆ. ಬಾಕ್ಸಿಂಗ್ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಕೊನೆಗೆ ಅಧ್ಯಕ್ಷರು ಸಿದ್ದರಾಜಣ್ಣನ ಹೆಗಲು ತಟ್ಟಿ, "ಬೇಜಾರ್ ಮಾಡ್ಕಬೇಡ ಕಣ್ಲಾ. ಆ ಮೊಳೆ ನಿಂಗೇ ಅಂತ ಖಾಲಿ ಮಡ್ಗಿರ್ತೀವಿ" ಎಂದು ಸಮಾಧಾನ ಹೇಳಿದರು.

"ಆಯ್ತು ಬುಡಿ ಸಾ, ಸತ್ತ ಮ್ಯಾಲೆ ಏಳ್ ಕಳುಸ್ತೀನಿ" ಎಂದು ಅವರು ಕವರನ್ನು ಅಂಗಿಯೊಳಗೆ ತುರುಕಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟರು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಭಾನುವಾರ ಉದ್ಘಾಟನೆ. ನಾನು ಐದೂ ಬರಹ ಬರೆದು ಮುಗಿಸಿದ್ದೇನೆ. ಸಿದ್ದರಾಜಣ್ಣನ ಫೋಟೊ ಗೋಡೆಗೆ ಬರುವವರೆಗೆ ಉಳಿದ ನಾಲ್ಕನ್ನು ಕೊಡುವುದಿಲ್ಲ. ಜಗಳವಾಡುವುದು ನನ್ನಿಂದಾಗದು. ಅಧ್ಯಕ್ಷರು ನಾನು ಇಲ್ಲಿ ಪೋಸ್ಟ್ ಮಾಡಿದ್ದನ್ನೆಲ್ಲ ಓದುವವರೂ ಅಲ್ಲ. ಕೇಳಿದರೆ, ಇನ್ನೂ ತಿದ್ದುತ್ತಿದ್ದೇನೆ ಎನ್ನುತ್ತೇನೆ.