ಒಮ್ಮತದ ಒಂಟಿತನ

ಬಸವನಗುಡಿಯ ಆ ಪಾರ್ಕಿನಲ್ಲಿ ಎಂಟು ಕಲ್ಲುಬೆಂಚುಗಳಿದ್ದವೆಂದು ನನ್ನ ನೆನಪು. ಮೊನ್ನೆ ಹೋಗಿ ಎಣಿಸಿದರೆ ಐದು. ಆದ್ದರಿಂದ ಮುಂದಿನದನ್ನೂ ಸ್ವಲ್ಪ ಕಳೆದು ಓದಿಕೊಳ್ಳಿ.

ಆಗ ನಾನು ಹಗಲು ಆಫೀಸಿಗೆ ಹೋಗುತ್ತಾ ದೂರಶಿಕ್ಷಣದಲ್ಲಿ ಸಮಾಜಕಾರ್ಯದ ಎಂ.ಎ. ಓದುತ್ತಿದ್ದೆ. ಪ್ರಾಜೆಕ್ಟಿನ ವಿಷಯ, ನಿವೃತ್ತರ ಒಂಟಿತನ. ಒಬ್ಬೊಬ್ಬರನ್ನೇ ಕೂರಿಸಿ ಕೇಳಬೇಕೆಂದು ಹೇಳಿಕೊಡಲು ನನಗೆ ತರಗತಿಯೇ ಇರಲಿಲ್ಲ. ಬೇರೆ ಊರಿನ ಗೈಡ್ ಮೇಡಂ ಫೋನಿನಲ್ಲಷ್ಟೇ ಸಿಗುತ್ತಿದ್ದರು. ಹಾಗಾಗಿ ಮೂವತ್ತು ಪ್ರಶ್ನಾವಳಿಗಳನ್ನು ಪಾರ್ಕಿನ ಹಿರಿಯರ ಸಂಘದ ಕಾರ್ಯದರ್ಶಿಗೆ ಕೊಟ್ಟು ಬಸ್ಸು ಹಿಡಿದೆ. ಅವರು ನಿವೃತ್ತ ಹೆಡ್‌ಮಾಸ್ಟರು.

ಶನಿವಾರ ಮೂವತ್ತೂ ವಾಪಸ್ ಬಂದವು. ಒಂಟಿತನ ಕಾಡುತ್ತದೆಯೇ? ಇಲ್ಲ. ಇಲ್ಲ. ಇಲ್ಲ. ಮೂವತ್ತು ಸಲ.

"ಮೀಟಿಂಗ್ ಮಾಡಿ ಒಮ್ಮತದಿಂದ ತೀರ್ಮಾನ ಮಾಡಿದ್ವಿ ಕಣಮ್ಮ," ಎಂದರು ಕಾರ್ಯದರ್ಶಿ. "ಹನ್ನೊಂದನೇ ಪ್ರಶ್ನೆ ಸಿಲಬಸ್‌ನಲ್ಲಿಲ್ಲ ಅಂತ ಬಿಟ್ವಿ."

ಗೈಡ್ ಮೇಡಂ ಫೋನಿನಲ್ಲಿ ನಗಲಿಲ್ಲ. "ಒಬ್ಬೊಬ್ಬರನ್ನೇ ಕೇಳಿ. ಸೋಮವಾರ ಕೊನೇ ದಿನ." ಒಂದು ಅಧ್ಯಾಯ ಬಿಟ್ಟು ಉಳಿದದ್ದೆಲ್ಲ ಸಿದ್ಧವಿತ್ತು. ಎರಡು ವರ್ಷ ಇದರಲ್ಲೇ ಸಿಕ್ಕಿಕೊಂಡಿದ್ದೆ. ಈ ಸಲ ತಪ್ಪಿದರೆ ನೋಂದಣಿಯೇ ರದ್ದು.

ಭಾನುವಾರ ಬೆಳಿಗ್ಗೆ, "ಸಾರ್, ಎಲ್ಲರದೂ ಒಂದೇ ಉತ್ತರ ಆದ್ರೆ ನಾನು ಫೇಲು," ಎಂದೆ. ಕಾರ್ಯದರ್ಶಿ ಅಲ್ಲೇ ತುರ್ತು ಸಭೆ ಕರೆದರು.

"ಈ ಹುಡುಗಿ ಪಾಸಾಗ್ಬೇಕಂದ್ರೆ ಒಂದ್ ಹತ್ತು ಜನಕ್ಕೆ ಒಂಟಿತನ ಬೇಕಂತೆ. ಯಾರ್ಯಾರು ತಗೋತೀರಿ, ಕೈ ಎತ್ತಿ!"

"ನಂಗೆ ಬೀಪಿ ಇದೆ. ಇದೂ ಬೇಡಪ್ಪಾ."

"ಇವ್ನ ಹೆಸ್ರಿಗೆ ಹಾಕ್ಕೊಳ್ಳಿ, ಇವ್ನ ಪಕ್ಕ ಹೆಂಗೂ ಯಾರೂ ಕೂರಲ್ಲ!"

"ಹಂಗಲ್ಲ ಸಾರ್," ಎಂದು ನಾನು ಕೂಗಿದೆ. "ಇದು ಪರೀಕ್ಷೆ. ಒಬ್ಬೊಬ್ಬರೇ ಆಚೆ ಬೆಂಚಿಗೆ ಬನ್ನಿ. ಕಾಪಿ ಹೊಡೀಬಾರದು."

ಪರೀಕ್ಷೆ ಎಂದದ್ದೇ ಗದ್ದಲ ನಿಂತಿತು. ಸಾಲಾಗಿ ನಿಂತರು. ಮೂವತ್ತೂ ಜನ ಬಂದರೆಂದು ನೆನಪು ಹೇಳುತ್ತದೆ. ಫೈಲಿನಲ್ಲಿರುವುದು ಹತ್ತೊಂಬತ್ತು ಹಾಳೆ. 'ಇಲ್ಲ'ಗಳೇ ಜಾಸ್ತಿ. 'ಮಧ್ಯಾಹ್ನ ಮಾತ್ರ' ಎಂದೊಬ್ಬರು. 'ಸೊಸೆ ಇದನ್ನು ಓದುತ್ತಾಳೆಯೇ?' ಎಂದು ಇನ್ನೊಬ್ಬರು.

ಕೊನೆಗೆ ಕಾರ್ಯದರ್ಶಿ. ಪಕ್ಕದವರು ನೋಡದಂತೆ ಎಡಗೈ ಅಡ್ಡ ಇಟ್ಟುಕೊಂಡು ಬರೆದರು. ಪಕ್ಕದಲ್ಲಿ ಯಾರೂ ಇರಲಿಲ್ಲ. ಬೆಳಗಿನ ವಾಕಿಂಗ್ ಸಮಯ ಮುಗಿದು, ಹತ್ತು ಗಂಟೆಗೆ ವಾಚ್‌ಮನ್ ಸೀಟಿ ಊದಿ ಗೇಟು ಮುಚ್ಚಲು ಬಂದ. ಅವರು ತಲೆ ಎತ್ತಲಿಲ್ಲ.

"ಅಡಿಷನಲ್ ಶೀಟ್ ಇದೆಯೇನಮ್ಮಾ?"

ಮೂರು ಕೊಟ್ಟೆ. ಅವರ ಹೆಸರು ತೆಗೆದು, ಆ ಹಾಳೆಗಳನ್ನೂ ಅನುಬಂಧಕ್ಕೆ ಸೇರಿಸಿ ಸೋಮವಾರ ಅಧ್ಯಯನ ಕೇಂದ್ರದಲ್ಲಿ ಸಲ್ಲಿಸಿದೆ. ಗುಮಾಸ್ತರು ಪುಟ ಎಣಿಸಿ, ಸೀಲು ಹೊಡೆದು, ಮುಂದಿನವರನ್ನು ಕರೆದರು.