ಬೋಟಿನ ಮಹಡಿಗೆ ಅಡ್ಡೆ ಕಟ್ಟಿದ್ದು

ಬೇಲೂರಿನ ಆಚೆ, ಯಗಚಿ ಹಿನ್ನೀರಿನ ಕಲ್ಲುಕಟ್ಟೆಯ ಮೇಲೆ ಆ ಬೆಳಗ್ಗೆ ಇದ್ದವರು ನನ್ನ ಅಕ್ಕ, ಭಾವ, ಟ್ರೈಲರ್ ತಂದಿದ್ದ ಡ್ರೈವರು ಮತ್ತು ನಾನು. ನಮ್ಮ ಜೊತೆಗೆ ಅಕ್ಕನ ಊರಿನಲ್ಲಿ ದೇವರ ಅಡ್ಡೆ ಹೊರುವ ಗಂಡಸರು, ಅವರನ್ನು ನಡೆಸುವ ಯಜಮಾನರು. ಅಡ್ಡೆ ಅಂದರೆ ದೇವರನ್ನು ಕೂರಿಸಿ ಹೆಗಲ ಮೇಲೆ ಹೊರುವ ಎರಡು ಉದ್ದನೆಯ ಮರದ ದಂಡಿಗೆ. ಅವತ್ತು ಅದಕ್ಕೆ ಕಟ್ಟಬೇಕಾಗಿದ್ದದ್ದು ದೇವರನ್ನಲ್ಲ, ಭಾವನ ಮೋಟಾರು ಬೋಟಿನ ಮಹಡಿಯನ್ನು.

ಭಾವನಿಗೆ ಹೊಸಪೇಟೆ ಕಡೆಯ ಹಿನ್ನೀರಿನಲ್ಲಿ ಬೋಟು ಓಡಿಸುವ ಅವಕಾಶ ಸಿಕ್ಕಿತ್ತು. ಅಲ್ಲಿ ತಪಾಸಣೆಯವರು ನೋಡಿ ಒಪ್ಪಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಚಾವಣಿ, ಸ್ಟೀರಿಂಗು, ಮುಂದಿನ ಬಾಗಿದ ಗಾಜು, ಎಲ್ಲ ಕೂಡಿ ಒಂದೇ ಅಚ್ಚಿನ ಫೈಬರ್ ಮಹಡಿ ಅದು. ಆ ಗಾಜು ಒಡೆದರೆ ಅಂಥದ್ದು ಇನ್ನೊಂದು ಎಲ್ಲೂ ಸಿಗುವ ಹಾಗಿರಲಿಲ್ಲ.

"ಮಹಡಿ ಹಂಗೇ ಇಟ್ಕಂಡ್ ಹೋದ್ರೆ ಬಾಣಾವರ ದಾಟಾಕಾಗಲ್ಲ ಸಾರ್. ರೈಲು ಸೇತುವೆ ಕೆಳಗೆ ತಲೆ ಬಡೀತದೆ. ಬಿಚ್ಚಲೇಬೇಕು," ಎಂದಿದ್ದ ಡ್ರೈವರು. ಕ್ರೇನಿನವನು ಬಂದ, ದಂಡೆಯ ಕೆಸರಿಗೆ ಒಂದು ಕಾಲಿಟ್ಟು ನೋಡಿದ, ವಾಪಸ್ ಹೊರಟುಹೋದ. ಭಾವ ತಲೆ ಮೇಲೆ ಕೈ ಹೊತ್ತು ಕುಳಿತರು. ಆಗ ಅಕ್ಕ ಅಂದಳು, "ದೇವ್ರನ್ನೇ ಹೊರೋರವ್ರೆ ನಮ್ಮೂರಲ್ಲಿ, ನಿಮ್ಮ ಬೋಟಿನ ಸೂರು ಹೊರಾಕಾಗಲ್ವೇನ್ರೀ?"

ಹಾಗೆ ಬಂದವರು ಅವರು.

ಭಾವ ಒಂದೊಂದೇ ವೈರು ಬಿಚ್ಚಿದರು. ಅಕ್ಕ ರವಿಕೆ ಬಟ್ಟೆಯ ಚೂರುಗಳನ್ನು ಕೊಟ್ಟಳು. ಬಿಚ್ಚಿದ ವೈರಿನ ಎರಡು ತುದಿಗೂ ಒಂದೇ ಬಣ್ಣದ ಚೂರು ಕಟ್ಟುತ್ತಾ ಹೋದೆವು. ಬೋಲ್ಟುಗಳನ್ನು ಚೀಲಕ್ಕೆ ಹಾಕಿ ಸ್ಟೀರಿಂಗಿಗೇ ಬಿಗಿದೆವು. ಯಜಮಾನರು ಮಹಡಿಯ ಕೆಳಗೆ ದಂಡಿಗೆ ತೂರಿಸಿ, ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿಸಿದರು. ಹಗ್ಗ ಫೈಬರನ್ನು ಮುಟ್ಟುವಲ್ಲೆಲ್ಲ ಗೋಣಿಚೀಲದ ಮಡಿಕೆ. ಕಟ್ಟಿದ್ದು ಮುಗಿಯುತ್ತಿದ್ದಂತೆ ಎಲ್ಲರೂ ಚಪ್ಪಲಿ ಬಿಟ್ಟರು.

"ಕಾಲಿಗೇನಾರ ಚುಚ್ಚೀತು, ಹಾಕ್ಕಳ್ರಪ್ಪಾ," ಅಂದರು ಭಾವ.

"ಅಡ್ಡೆ ಕಟ್ಟಿದ ಮ್ಯಾಲೆ ಮೆಟ್ಟು ಹಾಕದುಂಟಾ?" ಯಜಮಾನರು ನಕ್ಕರು. "ಒಳಗೆ ಯಾರ್ ಕೂತವ್ರೆ ಅಂತ ಹೆಗಲು ಕೇಳಲ್ಲ ಕಣಪ್ಪ."

ಅರ್ಧ ಜನ ಬೋಟಿನಲ್ಲಿ, ಅರ್ಧ ಜನ ಕಟ್ಟೆಯ ಮೇಲೆ. ಯಜಮಾನರು ಕೂಗಿದರು: "ಬಗ್ಗಿ! ಹೆಗಲು ಕೊಡಿ! ಏಳಿ!" ಮಹಡಿ ಎದ್ದಿತು. ಭಾರ ಕಳಚಿದ್ದೇ ತಡ ಬೋಟು ನೀರಿನಲ್ಲಿ ಮೇಲಕ್ಕೆ ಪುಟಿಯಿತು. ಅದು ಪುಟಿದಷ್ಟೇ ಬೋಟಿನಲ್ಲಿದ್ದವರ ಮಂಡಿಗಳು ಮಡಚಿಕೊಂಡವು. ಅವರ ತಲೆಯ ಮೇಲಿನ ಮಹಡಿ ಮಾತ್ರ ಒಂದು ಬೆರಳೂ ವಾಲಲಿಲ್ಲ. ಒಬ್ಬೊಬ್ಬರಾಗಿ ಕಟ್ಟೆಗೆ ದಾಟಿದರು.

ನೆಲ ಸಿಕ್ಕಿದ್ದೇ ಅವರ ಕಾಲು ಬದಲಾಯಿತು. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಪಕ್ಕಕ್ಕೆ, ಮತ್ತೆ ಮುಂದೆ. ಅಡ್ಡೆ ಕುಣಿಯತೊಡಗಿತು!

"ಅಯ್ಯಯ್ಯೋ, ಕುಣೀಬ್ಯಾಡ್ರಪ್ಪೋ! ಗಾಜು ಕಣ್ರೀ ಅದು, ಗಾಜು!" ಭಾವ ಎರಡೂ ಕೈ ಚಾಚಿಕೊಂಡು ಹಿಂದೆ ಓಡಿದರು.

"ಏನ್ಲಾ, ನೆಟ್ಟಗೆ ನಡೀರ್ಲಾ!" ಯಜಮಾನರು ಗದರಿದರು. ಹೊತ್ತವರು ನಿಜಕ್ಕೂ ಪ್ರಯತ್ನಪಟ್ಟರು. ನೆಟ್ಟಗೆ ನಡೆದ ಕೂಡಲೇ ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ತಾಗಿ ಮಹಡಿ ಗಡಗಡ ಅಂದಿತು. ಅಕ್ಕ ಕಣ್ಣು ಮುಚ್ಚಿಕೊಂಡಳು. ಭಾವ, "ಬ್ಯಾಡ, ಬ್ಯಾಡ... ಕುಣೀರಿ, ಕುಣ್ಕಂಡೇ ಹೋಗ್ರಿ!" ಎಂದರು.

ಕುಣಿದುಕೊಂಡೇ ಹೋದರು. ಕೆಳಗೆ ಅಷ್ಟೊಂದು ಕಾಲುಗಳು ತೂಗುತ್ತಿದ್ದವು. ಮೇಲೆ ಬಾಗಿದ ಗಾಜಿನೊಳಗೆ ಆಕಾಶ, ಒಂದು ಬಿಳಿ ಮೋಡ, ದಂಡೆಯ ತೆಂಗಿನ ಸುಳಿ, ತುಂಬಿದ ಬಿಂದಿಗೆಯ ನೀರಿನ ಹಾಗೆ ಅಲುಗದೆ ಸಾಗುತ್ತಿದ್ದವು. ಇಷ್ಟು ವರ್ಷ ಅಡ್ಡೆಯ ಕುಣಿತವನ್ನು ನೋಡಿಯೂ, ಅದು ಮೇಲಿರುವುದನ್ನು ಅಲುಗಿಸದಿರುವ ನಡಿಗೆ ಅಂತ ನನಗೆ ಹೊಳೆದಿರಲಿಲ್ಲ. ಡ್ರೈವರು ಬೀಡಿ ಹಚ್ಚುವುದನ್ನೂ ಮರೆತು ನಿಂತುಬಿಟ್ಟಿದ್ದ.

ಟ್ರೈಲರಿನ ಮುಂಭಾಗದಲ್ಲಿ ಮರದ ಚೌಕಟ್ಟಿನ ಮೇಲೆ ಹಳೆಯ ಟೈರುಗಳನ್ನು ಜೋಡಿಸಿ, ಮಹಡಿಯನ್ನು ಅಲ್ಲಿ ಇಳಿಸಿದರು. ಗಾಜಿಗೆ ಮೊದಲು ಮೆತ್ತನೆಯ ಹಳೆ ಪಂಚೆ, ಅದರ ಮೇಲೆ ಅಕ್ಕನ ಕೌದಿಗಳು, ಆಮೇಲೆ ಟಾರ್ಪಾಲು. ಟಾರ್ಪಾಲು ಸಡಿಲವಿದ್ದರೆ ದಾರಿಯುದ್ದಕ್ಕೂ ಗಾಳಿಗೆ ಬಡಿದು ಬಣ್ಣ ಉಜ್ಜಿಹಾಕುತ್ತದೆ ಎಂದು ಡ್ರೈವರು ಅದನ್ನು ಮೈಗೆ ಹತ್ತಿಸಿದಂತೆ ಬಿಗಿದ. ಆಮೇಲೆ ಬೋಟನ್ನೂ ನೀರಿನಿಂದೆಳೆದು ಟ್ರೈಲರಿಗೆ ಏರಿಸಿದೆವು. ಗಾಡಿ ಹಳೇಬೀಡಿನ ದಾರಿ ಹಿಡಿಯಿತು. ಭಾವ ಡ್ರೈವರ ಪಕ್ಕದಲ್ಲಿ ಕೂತರೂ ಮುಖವೆಲ್ಲ ಹಿಂದಕ್ಕೇ ಇತ್ತು.

ಹೊಸಪೇಟೆ ಕಡೆಯ ದಂಡೆಗೂ ಕ್ರೇನು ಇಳಿಯಲಿಲ್ಲ. ಭಾವ ಮಹಡಿಗೆ ಮತ್ತೆ ದಂಡಿಗೆ ಕಟ್ಟಿಸಿ, ಹೊರಲು ಅಲ್ಲಿನ ಮೀನುಗಾರರನ್ನು ನಿಲ್ಲಿಸಿಕೊಂಡು, ಅವರಿಗೂ ಕೇಳುವಂತೆ ಸ್ಪೀಕರ್ ಹಾಕಿ ಯಜಮಾನರಿಗೆ ಫೋನ್ ಮಾಡಿದರು. ಅಕ್ಕನ ಮನೆ ಜಗಲಿಯಲ್ಲಿ ಕೂತಿದ್ದ ಯಜಮಾನರು ಎದ್ದು, ಚಪ್ಪಲಿ ಬಿಟ್ಟು, ಫೋನಿಗೆ ಕೂಗಿದರು: "ಬಗ್ಗಿ! ಹೆಗಲು ಕೊಡಿ! ಏಳಿ!" ಸ್ವಲ್ಪ ಹೊತ್ತಿಗೆ ಭಾವನ ದನಿ ಬಂತು: "ಕೂತ್ಕಂತು ಯಜಮಾನ್ರೇ. ಬೋಲ್ಟಿನ ತೂತಿಗೆ ತೂತು ಸರಿಯಾಗಿ ಕೂತ್ಕಂತು. ಗಾಜು ಹಂಗೇ ಐತೆ."

ಆ ವಾರವೇ ತಪಾಸಣೆಯವರು ನೋಡಿ ಒಪ್ಪಿದರು. ಭಾವ ಮೊದಲ ಸುತ್ತಿಗೆ ಆ ಮೀನುಗಾರರನ್ನೇ ಹತ್ತಿಸಿಕೊಂಡು ಹೋದರು.