ಮುಂಗಡದ ಎಮ್ಮೆ

ಮಹಾರಾಜರ ಸರ್ಕಾರ ನನ್ನನ್ನು ಪಿರಿಯಾಪಟ್ಟಣಕ್ಕೆ ಮೇಷ್ಟ್ರಾಗಿ ಕಳಿಸಿದಾಗ, ಬಾಡಿಗೆ ಮನೆಯ ಮುಂಗಡಕ್ಕೆ ದುಡ್ಡಿರಲಿಲ್ಲ. ಮನೆಯೊಡತಿ ಪುಟ್ಟಮ್ಮನವರ ಕೊಟ್ಟಿಗೆಯಲ್ಲಿ ನನ್ನ ಗಬ್ಬದ ಎಮ್ಮೆಯನ್ನೇ ಕಟ್ಟಿದೆ. ಮನೆ ಬಿಡುವತನಕ ಹಾಲು ಅವರದು, ಆಮೇಲೆ ಎಮ್ಮೆ ನನ್ನದು ಎಂದು ಮಾತಾಗಿತ್ತು.

ಹುಣಸೂರಿಗೆ ವರ್ಗವಾಯಿತು. ಗಾಡಿಗೆ ಸಾಮಾನು ಹೇರಿ ಕೇಳಿದರೆ, ಪುಟ್ಟಮ್ಮನವರು ಎಮ್ಮೆಯ ಹಗ್ಗವನ್ನು ನನ್ನ ಕೈಗಿಟ್ಟು ಕರುವನ್ನು ತಬ್ಬಿ ನಿಂತರು.

"ಎಮ್ಮೆ ನಿಮ್ದು ಮೇಷ್ಟ್ರೇ. ಕರ ನಮ್ಮನೇಲಿ ಉಟ್ಟಿದ್ದು, ನಮ್ದು."

"ಕರು ಬಿಟ್ಟು ಎಮ್ಮೆ ಬರುತ್ತೇನಮ್ಮ?"

"ಬರ್ದಿದ್ರೆ ಇಲ್ಲೇ ಇರ್ಲಿ ಬುಡಿ."

ನನಗೆ ರೇಗಿತು. "ನನ್ನ ಮಗಳೂ ಇದೇ ಮನೆಯಲ್ಲಿ ಹುಟ್ಟಿದಳು. ಅವಳೂ ನಿಮ್ಮವಳೋ?"

ಪುಟ್ಟಮ್ಮನವರು ಗಾಡಿಯಲ್ಲಿದ್ದ ಕೂಸನ್ನೇ ನೋಡಿದರು. "ಕೇಳಾನ ಅಂತಿದ್ದೆ ಕಣ್ರಪ್ಪ. ನಿಮ್ಮೆಂಡ್ರು ಒಪ್ಪಾಕಿಲ್ಲ ಅಂತ ಸುಮ್ಕಾದೆ," ಎಂದು ಕಣ್ಣೊರೆಸಿಕೊಂಡರು.

ಹಗ್ಗವನ್ನೂ ಅವರ ಕೈಗೇ ಕೊಟ್ಟು ಗಾಡಿ ಹತ್ತಿದೆ. ಸದ್ಯ, ಮಗಳಾದರೂ ದಕ್ಕಿದಳಲ್ಲ!